ಗಾಜು ‘ಟಿಕ್’ ಅಂದರೆ

ಗಾಜಿನ ಲೋಟಕ್ಕೆ ಕುದಿಯುವ ಕಷಾಯ ಸುರಿದಾಗ ‘ಟಿಕ್’ ಅಂತ ಸಣ್ಣ ಸದ್ದು ಬರುವುದನ್ನು ನೀವೂ ಕೇಳಿರುತ್ತೀರಿ. ಲೋಟ ಒಡೆದಿರುವುದಿಲ್ಲ, ಸೋರುವುದೂ ಇಲ್ಲ. “ಏನೂ ಆಗಿಲ್ಲ ಬಿಡ್ರಿ” ಅಂತ ಅದನ್ನೇ ಮಗುವಿನ ಕೈಗೆ ಕೊಡುವವರಿದ್ದಾರೆ. ನನ್ನ ತಕರಾರು ಇರುವುದು ಅಲ್ಲೇ.

ದಾವಣಗೆರೆಯಿಂದ ಹರಿಹರ ಎಷ್ಟು ದೂರ? ಬಸ್ಸು ಹತ್ತಿ ಕೂತರೆ ಬಂದೇ ಬಿಡುತ್ತೆ. ಬೇಸಿಗೆ ರಜೆ ಬಂತೆಂದರೆ ನಾವು ಮಕ್ಕಳೆಲ್ಲ ಅಲ್ಲಿ ದೊಡ್ಡಮ್ಮನ ಮನೆಯಲ್ಲಿ. ಉಪ್ಪಿನಕಾಯಿ ಹಾಕುವ ಮುಂಚೆ ಆಕೆ ದೊಡ್ಡ ಪಾತ್ರೆಯ ತಳಕ್ಕೆ ಹಳೇ ಸೀರೆ ತುಂಡು ಹಾಸಿ, ಗಾಜಿನ ಜಾಡಿಗಳನ್ನು ತಣ್ಣೀರಲ್ಲಿ ಮುಳುಗಿಸಿ, ಸಣ್ಣ ಉರಿಯಲ್ಲಿ ಕಾಯಿಸುತ್ತಿದ್ದಳು. ಆಗ ಅಡುಗೆಮನೆಯಲ್ಲಿ ಯಾರೂ ಗದ್ದಲ ಮಾಡುವಂತಿರಲಿಲ್ಲ. “ಸುಮ್ನಿರ್ರಿ, ಗಾಜು ಏನಂತೈತಿ ಕೇಳಾನ!”

ಕುದಿಸಿದರೆ ಗಾಜು ಗಟ್ಟಿಯಾಗುತ್ತೆ ಅಂತ ಆಕೆಯ ನಂಬಿಕೆ. ಅದು ನಿಜವಲ್ಲ. ಗಾಜಿನೊಳಗಿನ ಬಿಗುವು ಸಡಿಲಾಗಬೇಕಾದರೆ 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಬೇಕು. ನೀರು 100ಕ್ಕೇ ಕುದಿದು ಹೋಗುತ್ತೆ. ಆದರೆ ಆಕೆ ಕಿವಿಗೊಡುತ್ತಿದ್ದಳಲ್ಲ, ಅದು ಮಾತ್ರ ಅಪ್ಪಟ ವಿಜ್ಞಾನ.

ಗಾಜು ಬಿಸಿಯನ್ನು ಬೇಗ ಹಾಯಗೊಡುವುದಿಲ್ಲ. ಒಳಮೈ ಕಾದು ಹಿಗ್ಗುತ್ತೆ, ಹೊರಮೈ ಇನ್ನೂ ತಣ್ಣಗೇ ಇರುತ್ತೆ. ಈ ಎಳೆದಾಟದಲ್ಲಿ ಕಣ್ಣಿಗೆ ಕಾಣದ ಗೀರೊಂದು ಬಿರುಕಾಗಿ ಮುಂದೆ ಓಡುತ್ತೆ; ಬಿಗುವು ಬಿಟ್ಟ ಸದ್ದೇ ಆ ‘ಟಿಕ್’. ದಪ್ಪ ಲೋಟ ಗಟ್ಟಿ ಅಂದುಕೊಳ್ಳಬೇಡಿ, ಬಿಸಿಗೆ ಬೇಗ ಬಿರಿಯುವುದು ಅದೇ. ಇಂಥ ಸದ್ದಿಗೆ ಅಕೌಸ್ಟಿಕ್ ಎಮಿಷನ್ ಅಂತ ಹೆಸರು. ಬಹುಪಾಲು ಮನುಷ್ಯರ ಕಿವಿಗೆ ನಿಲುಕದಷ್ಟು ಸಣ್ಣ ಸ್ವರ; ಪ್ರಯೋಗಶಾಲೆಗಳಲ್ಲಿ ವಸ್ತುವಿಗೇ ಉಪಕರಣ ಅಂಟಿಸಿ ಆಲಿಸುತ್ತಾರೆ.

1950ರಲ್ಲಿ ಜರ್ಮನಿಯ ಜೋಸೆಫ್ ಕೈಸರ್ ಲೋಹಗಳಲ್ಲಿ ಒಂದು ವಿಚಿತ್ರ ಕಂಡ. ಒಮ್ಮೆ ಎಳೆದು ಬಿಟ್ಟ ಲೋಹವನ್ನು ಮತ್ತೆ ಎಳೆದರೆ, ಮೊದಲಿನಷ್ಟು ಎಳೆತ ಮೀರುವ ತನಕ ಅದು ಸದ್ದೇ ಮಾಡುವುದಿಲ್ಲ! ಹಾಗಾಗಿ ಎರಡನೇ ಸಲ ಲೋಟ ಸುಮ್ಮನಿದ್ದರೆ ಬಿರುಕು ಕೂಡಿಕೊಂಡಿತು ಅಂತ ತಿಳಿಯಬೇಡಿ. ಗಾಜು ತಾನಾಗಿ ಮಾಯುವ ಗಾಯವಲ್ಲ.

ಬೋರೋಸಿಲಿಕೇಟ್ ಗಾಜು ಮಾಮೂಲಿ ಗಾಜಿನ ಮೂರನೇ ಒಂದು ಪಾಲಷ್ಟೇ ಹಿಗ್ಗುತ್ತೆ, ಅದಕ್ಕೇ ಬಿಸಿ ತಾಳುತ್ತೆ. ಆದರೂ ಗೀರು ಬಿದ್ದ ಮೇಲೆ ಅದನ್ನೂ ನಂಬುವಂತಿಲ್ಲ.

ಸದ್ದು ಮಾಡಿದ ಜಾಡಿಯನ್ನು ದೊಡ್ಡಮ್ಮ ಆರಿಸಿ, ಹಿತ್ತಲ ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸುತ್ತಿದ್ದಳು. ಕೂದಲೆಳೆಯಂಥ ಗೆರೆ ಮಿಂಚಿದರೆ ಮುಗೀತು. “ಹೊಸಾದಲ್ಲೇನೇ!” ಅಂತ ದೊಡ್ಡಪ್ಪ ಗೊಣಗಿದರೂ ಕಾಗದ ಸುತ್ತಿ ಆಚೆಗೆ. ಉಪ್ಪಿನಕಾಯಿಯಲ್ಲಿ ಗಾಜಿನ ಚೂರು ಸೇರಿದರೆ ಹುಡುಕುವವರು ಯಾರು?