ಡೋಣಿಯಿಂದ ಕಡಕೋಳಕ್ಕೆ

ನಮ್ಮ ಸೀಮೆಯಲ್ಲಿ ಎಪ್ಪತ್ತು ಗಿರಿಗಳಿಗಿಂತ ಕಪ್ಪತಗಿರಿಯೇ ಮೇಲೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಗದಗಿನ ಬಿಂಕದಕಟ್ಟಿಯ ಬಳಿ ತಲೆಯೆತ್ತಿ ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿ, ತುಂಗಭದ್ರೆಯ ದಡದ ಸಿಂಗಟಾಲೂರಿನವರೆಗೆ ಚಾಚಿರುವ ಈ ಗುಡ್ಡಸಾಲನ್ನು ಒಂದೇ ದಿನದಲ್ಲಿ ಅಡ್ಡಲಾಗಿ ದಾಟಿದ ನೆನಪನ್ನು ಬರೆಯಿರೆಂದು ನನ್ನ ಹಳೆಯ ವಿದ್ಯಾರ್ಥಿಗಳು ಬಹಳ ದಿನಗಳಿಂದ ಒತ್ತಾಯಿಸುತ್ತಿದ್ದಾರೆ. ಅವರಲ್ಲಿ ಕೆಲವರು ಈಗ ಅಜ್ಜ, ಅಜ್ಜಿ ಆಗಿದ್ದಾರೆ. ಇನ್ನು ತಡಮಾಡುವುದು ತರವಲ್ಲ.

ಅದು 1988ರ ಡಿಸೆಂಬರ್. ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ನನಗೆ 29 ವರ್ಷ. ಹತ್ತನೆಯ ತರಗತಿಯ ಹದಿನಾಲ್ಕು ಹುಡುಗರೊಡನೆ ಡೋಣಿಯಿಂದ ಹತ್ತಿ, ಕಪ್ಪತಮಲ್ಲೇಶ್ವರನ ದರ್ಶನ ಮಾಡಿ, ಗಾಳಿಗುಂಡಿ ಬಸವಣ್ಣನ ನೆತ್ತಿಯನ್ನು ಮುಟ್ಟಿ, ಶಿರಹಟ್ಟಿ ತಾಲ್ಲೂಕಿನ ಕಡಕೋಳದ ಕಡೆಗೆ ಇಳಿಯುವುದೆಂದು ನಿಶ್ಚಯವಾಗಿತ್ತು. ಎಲ್ಲರ ಚೀಲದಲ್ಲಿಯೂ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ. ಬೆಳಗಿನ ಐದೂವರೆಗೆ ಹೊರಟೆವು. ಚಳಿಗೆ ಮಾತೇ ಹೊರಡುತ್ತಿರಲಿಲ್ಲ.

ಇಲ್ಲಿ ವಿಜ್ಞಾನದ ಮೇಷ್ಟರ ಚಪಲಕ್ಕೆ ಸ್ವಲ್ಪ ಅವಕಾಶ ಕೊಡಿರಿ. ನಮ್ಮಿಂದ ಮೂಡಣಕ್ಕೆ ಕೊಪ್ಪಳ, ಆನೆಗೊಂದಿ, ಹಂಪಿಯ ಕಡೆಗೆ ಹೋದರೆ ಸಿಗುವುದು ಗ್ರಾನೈಟು. ಸೀಳು ಸೀಳಾಗಿ ಬಿರಿದ ಆ ಬಂಡೆ, ಬಿಸಿಲು ಮಳೆಗಳಿಗೆ ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರು ಬಿಚ್ಚುತ್ತ ದುಂಡಗಾಗಿ, ಒಂದರ ಮೇಲೊಂದು ಪೇರಿಸಿಟ್ಟಂತೆ ನಿಲ್ಲುತ್ತದೆ. ಅದರ ಮೈ ಒರಟು. ಅಂಗಾಲು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಉತ್ತರಕ್ಕೆ ಗಜೇಂದ್ರಗಡದಲ್ಲಿ ಕೆಂಪು ಮರಳುಗಲ್ಲು. ಕಪ್ಪತಗುಡ್ಡ ಇವೆರಡೂ ಅಲ್ಲ. ಇದು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಧಾರವಾಡ ಶಿಲಾವರ್ಗಕ್ಕೆ ಸೇರಿದ ಪದರುಗಲ್ಲು, ನಡುನಡುವೆ ಕಬ್ಬಿಣದ ಅದಿರಿನ ಪಟ್ಟೆಗಳು. ಕಾಲಿಟ್ಟರೆ ಹಲಗೆಯಂತೆ ಎದ್ದು ಜಾರುತ್ತದೆ. ಈ ಕಲ್ಲಿನ ಎಳೆಗಳಲ್ಲಿ ಚಿನ್ನವೂ ಉಂಟು. ಕಳೆದ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಅದಕ್ಕಾಗಿ ಈ ಭಾಗದಲ್ಲಿ ಗಣಿ ತೋಡಿದ್ದವು. ಈ ಗುಡ್ಡಕ್ಕೆ ಆಗಾಗ ಬಂದೊದಗುವ ಕಷ್ಟಗಳಿಗೆಲ್ಲ ಅದರ ಹೊಟ್ಟೆಯಲ್ಲಿರುವುದೇ ಕಾರಣವೆಂದು ನನ್ನ ಅಭಿಪ್ರಾಯ.

ಮಲ್ಲೇಶ್ವರನ ಗುಡಿಯವರೆಗೆ ದಾರಿ ಸುಗಮ. ಅಲ್ಲಿಂದ ಮುಂದಿನದು ಹುಲ್ಲು, ಕುರುಚಲು, ಏರಿಳಿತ. ಒಂದು ದಿಬ್ಬವೇರಿ ಇದೇ ಕೊನೆಯದೆಂದು ನಿಟ್ಟುಸಿರುಬಿಟ್ಟರೆ ಎದುರಿಗೆ ಇನ್ನೊಂದು. ದಾರಿಯಲ್ಲಿ ಮಧುನಾಶಿನಿಯ ಬಳ್ಳಿ ಸಿಕ್ಕಿತು. ಎಲ್ಲರಿಗೂ ಒಂದೊಂದು ಎಲೆ ಅಗಿಸಿ, ಮೇಲೆ ಬೆಲ್ಲ ತಿನ್ನಿಸಿದೆ. ನಾಲಗೆಗೆ ಸಿಹಿಯೇ ಹತ್ತದೆ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ದಿನ ನಾನು ಮಾಡಿದ ಪಾಠ ಅದೊಂದೇ. ಉಳಿದದ್ದನ್ನು ಮಾಡಿದವನು ಬೇರೆಯವನು.

ಅವನು ಹಿಂದಿನ ಬೆಂಚಿನ ಹುಡುಗ, ಕುರಿಗಾರರ ಮನೆಯವನು. ಗಣಿತದಲ್ಲಿ ಅವನ ಅಂಕಗಳನ್ನು ಇಲ್ಲಿ ಹೇಳುವುದು ಬೇಡ. ಗಾಳಿಗುಂಡಿಯಲ್ಲಿ, ಹೆಸರಿಗೆ ತಕ್ಕಂತೆ ಬೀಸುತ್ತಿದ್ದ ಗಾಳಿಯಲ್ಲಿ, ಊಟ ಮುಗಿಸಿ ಇಳಿಯತೊಡಗಿದಾಗ ಒಬ್ಬ ಹುಡುಗನ ಕಾಲು ಉಳುಕಿತು. ಎಲ್ಲರ ನೀರೂ ಮುಗಿದಿತ್ತು. ನಾವು ನಂಬಿದ್ದ ಹೊಂಡವನ್ನು ದನಗಳು ತುಳಿದು ರಾಡಿ ಮಾಡಿದ್ದವು. ಗಂಟೆ ನಾಲ್ಕು. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಈ ಗುಡ್ಡದಲ್ಲಿ ತೋಳ, ಕತ್ತೆಕಿರುಬಗಳಿರುವುದು ಎಲ್ಲರಿಗೂ ತಿಳಿದ ವಿಷಯ.

"ಸರ್ರ, ಆ ಕಡೆ ಬ್ಯಾಡ್ರಿ, ಕಲ್ಲು ಜಾರತಾವ್ರಿ. ಕುರಿ ಜಾಡು ಹಿಡಿಯೂಣ್ರಿ," ಎಂದನವನು. ಉಳುಕಿದವನನ್ನು ಬೆನ್ನಮೇಲೆ ಹೊತ್ತು ಮುಂದೆ ನಡೆದ. ನನಗೆ ಕಾಣಿಸದ ಜಾಡು ಅವನಿಗೆ ಹೇಗೆ ಕಾಣುತ್ತಿತ್ತೋ ತಿಳಿಯದು. ಒಂದು ಕಣಿವೆಯ ಮೂಲೆಯಲ್ಲಿ ಬಂಡೆಯ ಬುಡದಿಂದ ಜಿನುಗುವ ಒರತೆಯಿತ್ತು. ತೆಂಗಿನ ಚಿಪ್ಪಿನಷ್ಟು ಅಗಲ. ಹದಿನೈದು ಜನ ಸರದಿಯಲ್ಲಿ ಬೊಗಸೆಯೊಡ್ಡಿ ಕುಡಿದೆವು; ತನ್ನ ಸರದಿಗೆ ಅವನು ಕೊನೆಯವನಾಗಿ ನಿಂತ. ಕಡಕೋಳದ ದೀಪಗಳು ಕಂಡಾಗ ಪೂರ್ತಿ ಕತ್ತಲೆಯಾಗಿತ್ತು. ಮಾರನೆಯ ದಿನ ನನಗೆ ಮೆಟ್ಟಿಲಿಳಿಯಲು ಆಗಲಿಲ್ಲ. ಅವನು ಮಾತ್ರ ಎಂದಿನಂತೆ ಹಿಂದಿನ ಬೆಂಚಿನಲ್ಲಿದ್ದ. ಆ ಬೇಸಿಗೆಯಲ್ಲಿ ಶಾಲೆ ಬಿಟ್ಟು ತಂದೆಯ ಕುರಿಗಳ ಹಿಂದೆ ಹೋದ.

ಮುಂದಿನ ಕಥೆ ನಿಮಗೆಲ್ಲ ಗೊತ್ತಿರುವುದೇ. 2015ರ ಡಿಸೆಂಬರಿನಲ್ಲಿ ಸರ್ಕಾರ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. 2016ರ ನವೆಂಬರಿನಲ್ಲಿ ಅದನ್ನು ಹಿಂತೆಗೆದುಕೊಂಡಿತು. ಗಣಿಗೆ ಬಾಗಿಲು ತೆರೆಯಿತೆಂದು ಜನ ಕಳವಳಗೊಂಡರು. 2017ರ ಫೆಬ್ರವರಿಯಲ್ಲಿ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಗದಗಿನಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಶಾಲೆ ಬಿಟ್ಟ ಮೇಲೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಪಕ್ಕದಲ್ಲಿ ಕಂಬಳಿ ಹೊದ್ದವನೊಬ್ಬ ಕಾಲು ಮುಟ್ಟಿ ನಮಸ್ಕರಿಸಿದ. ಅವನೇ! ತಲೆ ನರೆತಿತ್ತು.

"ಗುಡ್ಡ ಉಳೀಬೇಕ್ರಿ ಸರ್ರ. ಉಳದ ಮ್ಯಾಲೆ ನಮ್ಮ ಕುರಿ ಎಲ್ಲಿ ಮೇಯಬೇಕ್ರಿ?" ಎಂದು ಕೇಳಿದ. ನಾನು ಸುಮ್ಮನೆ ವೇದಿಕೆಯ ಕಡೆಗೆ ನೋಡಿದೆ.

ಏಪ್ರಿಲಿನಲ್ಲಿ ಆದೇಶ ಮರಳಿ ಬಂದಿತು. 2018ರ ಅಕ್ಟೋಬರಿನಲ್ಲಿ ಸ್ವಾಮಿಗಳು ಲಿಂಗೈಕ್ಯರಾದರು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ನಾನು ನಿವೃತ್ತನಾದದ್ದೂ ಅದೇ ವರ್ಷ. ಅದು ಆಗಲೇಬೇಕಾಗಿತ್ತು, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದಲ್ಲಿ ಮೇಯಿಸುವುದಕ್ಕೆ ನಿಯಂತ್ರಣವಿರುತ್ತದೆ. ಹಕ್ಕಿದ್ದವರು ಅದನ್ನು ಅರ್ಜಿ ಬರೆದು ತೋರಿಸಬೇಕು. ಕುರಿಯ ಜಾಡಿಗೆ ಯಾವ ಉತಾರ ತರುವುದು?

ಮೊನ್ನೆ ಅವನಿಗೆ ಫೋನು ಮಾಡಿದ್ದೆ. ಅರ್ಧ ಕುರಿಗಳನ್ನು ಮಾರಿದ್ದಾನಂತೆ. ಮಗಳು ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಆ ಒರತೆಯಲ್ಲಿ ಇನ್ನೂ ನೀರಿದೆಯೇ ಎಂದು ಕೇಳಿದೆ.

"ಐತ್ರಿ ಸರ್ರ. ಈ ವರ್ಷ ಅದರ ಸುತ್ತ ಚಿರತಿ ಹೆಜ್ಜಿ ಅದಾವ್ರಿ," ಎಂದ.