ಜೇಬಿಲ್ಲದ ವೀರರು

ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ ಒಂದು ಕಲ್ಲೆಂದರೆ ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರಿನ ಬಂಡೆ. ಅಂಥ 64 ಬಂಡೆಗಳು ಚೀಲದ ಒಂದೇ ಖಾನೆಯಲ್ಲಿ ಹಿಡಿಸುತ್ತವೆ. ಖಾನೆಗಳು ಒಟ್ಟು 36: ಒಳಗೆ 27, ಥಟ್ಟನೆ ಕೈಗೆ ಸಿಗಲೆಂದು ಪರದೆಯ ಕೆಳಗೆ 9. ಅಲ್ಲಿಗೆ 2,304 ಬಂಡೆಗಳಾದವು. ನಮ್ಮ ರಾಯದುರ್ಗದ ಬೆಟ್ಟದಂಥ ಗ್ರಾನೈಟ್ ಜಾತಿಯ ಕಲ್ಲು ಘನಮೀಟರಿಗೆ ಸುಮಾರು 2.7 ಟನ್ನು ತೂಗುತ್ತದೆ. ಆಟದಲ್ಲೂ ಗ್ರಾನೈಟ್ ಇದೆ. ಗುಣಿಸಿದರೆ 6,200 ಟನ್ನಿನ ಮೇಲೆ. 10 ಟನ್ನಿನ ಲಾರಿಗಳು 600ಕ್ಕೂ ಹೆಚ್ಚು ಬೇಕು. ಇಷ್ಟನ್ನೂ ಹೊತ್ತ ಮನುಷ್ಯ ನೀರಲ್ಲಿ ಈಜುತ್ತಾನೆ, ಏಣಿ ಹತ್ತುತ್ತಾನೆ, ಕುಪ್ಪಳಿಸಿಕೊಂಡು ಓಡುತ್ತಾನೆ. ಕೋಳಿಮೊಟ್ಟೆ ಮಾತ್ರ ಒಂದು ಖಾನೆಗೆ 16ಕ್ಕಿಂತ ಹೆಚ್ಚು ಹಿಡಿಸುವುದಿಲ್ಲ!

ಈ ಲೆಕ್ಕವನ್ನು ನಮ್ಮ ಅಕ್ಕನ ಮಗನಿಗೆ ಒಪ್ಪಿಸಿದೆ. ಅವನಿಗೆ ನಗುವೂ ಬರಲಿಲ್ಲ, ಆಶ್ಚರ್ಯವೂ ಆಗಲಿಲ್ಲ. "ಮಾಮ, ಆಟ ಆಡು ಅಂದ್ರೆ ನೀನು ಲಾರಿ ಬಾಡಿಗೆ ಲೆಕ್ಕ ಹಾಕ್ತಿಯಲ್ಲ" ಎಂದ.

ಆಶ್ಚರ್ಯವಾಗಬೇಕಾದದ್ದು ಅವನಿಗೇ. ಏಕೆಂದರೆ ಅವನ ಹಗಲಿನ ಕಸುಬು ಜೀನ್ಸ್ ಪ್ಯಾಂಟಿಗೆ ಹಿಂಜೇಬು ಹೊಲಿಯುವುದು. ರಾಯದುರ್ಗವೆಂದರೆ ಈಗ ಕೋಟೆಗಿಂತ ಜೀನ್ಸಿನ ಊರು. ಬೀದಿಯಲ್ಲಿ ನಡೆದರೆ ಮನೆಯೊಳಗಿಂದ ಮಿಷನ್ನಿನ ಸದ್ದು ಬರುತ್ತದೆ. ಇಲ್ಲಿಯ ಜನಕ್ಕೆ ಜೇಬಿನ ಬೆಲೆ ಗೊತ್ತು. ಎಷ್ಟು ಅಗಲ, ಎಷ್ಟು ಆಳ, ಯಾವ ಮೂಲೆ ಮೊದಲು ಬಿಚ್ಚಿಕೊಳ್ಳುತ್ತದೆ ಎಂಬುದೆಲ್ಲ ಕೈಗೆ ಗೊತ್ತು. 1873ರ ಮೇ 20ರಂದು ಅಮೆರಿಕದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಲಿವೈ ಸ್ಟ್ರಾಸ್ ಎಂಬ ಬಟ್ಟೆ ವ್ಯಾಪಾರಿಯ ಜೊತೆ ಸೇರಿ ಪಡೆದ ಪೇಟೆಂಟು ಪ್ಯಾಂಟಿನದಲ್ಲ, ಜೇಬಿನ ಮೂಲೆ ಹರಿಯದಂತೆ ರಿವೆಟ್ ಹೊಡೆಯುವುದರದು. ಕೂಲಿಕಾರರು ಜೇಬಿಗೆ ಸಾಮಾನು ತುರುಕಿ ತುರುಕಿ ಕಿತ್ತುಹಾಕುತ್ತಿದ್ದರು, ಅದಕ್ಕೆ ಈ ಉಪಾಯ. ಹೀಗೆ ಒಂದು ಜೇಬು ಎಷ್ಟು ತಡೆದೀತು ಎಂಬ ಚಿಂತೆಯಿಂದ ಹುಟ್ಟಿದ ಉಡುಪನ್ನು ದಿನವಿಡೀ ಹೊಲಿದು, ರಾತ್ರಿ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನ ಮುಂದೆ ಕೂತು, ಮೈಮೇಲೆ ಒಂದು ಜೇಬೂ ಇಲ್ಲದ ವೀರನಿಗೆ ಏಳು ಕತ್ತಿ, ನಾಲ್ಕು ಗುರಾಣಿ, ಮೂವತ್ತು ಶೀಸೆ ಮದ್ದು ಹೊರಿಸುತ್ತಾನೆ ನಮ್ಮ ಹುಡುಗ.

ಆಡದವರಿಗಾಗಿ ಹೇಳುತ್ತೇನೆ. ಈ ಬಗೆಯ ಆಟಗಳಲ್ಲಿ ಒಂದು ಗುಂಡಿ ಒತ್ತಿದರೆ ವೀರನ ಚೀಲ ತೆರೆದುಕೊಳ್ಳುತ್ತದೆ. ಇನ್ವೆಂಟರಿ ಎಂದು ಅದರ ಹೆಸರು. ಹುಡುಗರು 'ಬ್ಯಾಗು' ಎನ್ನುತ್ತಾರೆ, "ಬ್ಯಾಗು ಫುಲ್ಲಾಗೈತೆ" ಎಂದು ಕೂಗುತ್ತಾರೆ. ಒಂದು ಪಕ್ಕ ವೀರ ನಿಂತಿರುತ್ತಾನೆ, ತಲೆಗೇನು, ಎದೆಗೇನು, ಬೆರಳಿಗೇನು ತೊಡಿಸಿದೆ ಎಂದು ಕಾಣುತ್ತದೆ. ಇನ್ನೊಂದು ಪಕ್ಕ ಸಾಮಾನು. ಯಾವುದೇ ಸಾಮಾನನ್ನು ಮುಟ್ಟಿದರೂ ಅದರ ಜಾತಕ ಬಿಚ್ಚಿಕೊಳ್ಳುತ್ತದೆ: ಎಷ್ಟು ಪೆಟ್ಟು ಕೊಡುತ್ತದೆ, ಎಷ್ಟು ತೂಕ, ಮಾರಿದರೆ ಎಷ್ಟು ಬರುತ್ತದೆ. ಕೈಯಲ್ಲಿರುವ ಕತ್ತಿಗಿಂತ ಇದು ಮೇಲೋ ಕೀಳೋ ಎಂಬುದನ್ನೂ ಅದೇ ಹೇಳಿಬಿಡುತ್ತದೆ. ಆಮೇಲೆ ತೊಡು, ತಿನ್ನು, ಕುಡಿ, ಬಿಸಾಡು.

ಒಳಗೆ ನಡೆಯುವುದು ಇನ್ನೂ ಸರಳ. ಕಂಪ್ಯೂಟರಿಗೆ ಬಂಡೆಯೂ ಭಾರವಲ್ಲ, ಹೂವೂ ಹಗುರವಲ್ಲ. ಅದರ ಪಾಲಿಗೆ ಚೀಲವೆಂದರೆ ಒಂದು ಪಟ್ಟಿ. 64 ಬಂಡೆ ಎಂದರೆ 64 ವಸ್ತುಗಳಲ್ಲ, 'ಗ್ರಾನೈಟ್, 64' ಎಂಬ ಒಂದೇ ಸಾಲು. ಒಂದು ಗ್ರಾನೈಟಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲವಾದ್ದರಿಂದ ಎಣಿಕೆಯೊಂದನ್ನು ಬರೆದಿಟ್ಟರೆ ಸಾಕು. ಕತ್ತಿ ಹಾಗಲ್ಲ. ಒಂದು ಅರ್ಧ ಸವೆದಿರುತ್ತದೆ, ಇನ್ನೊಂದು ಹೊಸದು, ಮತ್ತೊಂದಕ್ಕೆ ಮಂತ್ರ ಹಾಕಿಸಿರುತ್ತಾರೆ. ಒಂದೊಂದರ ಚರಿತ್ರೆ ಬೇರೆಯಾದ ಮೇಲೆ ಒಂದೇ ಸಾಲಿನಲ್ಲಿ ಬರೆಯುವುದು ಹೇಗೆ? ಅದಕ್ಕೇ ಬಂಡೆಗಳು 64 ಕೂಡಿ ಬಾಳುವ ಖಾನೆಯಲ್ಲಿ ಎರಡು ಕತ್ತಿಗಳು ಕೂಡಿರಲಾರವು. ಇದರಲ್ಲಿ ಒಂದು ಯುಕ್ತಿಯಿದೆ. ಮೊಟ್ಟೆಗೆ 16 ಎಂದದ್ದರಲ್ಲಿ ಯಾವ ಯುಕ್ತಿಯೂ ಇಲ್ಲ, ಅದು ಆಟ ಕಟ್ಟಿದವರ ಮರ್ಜಿ.

ಈ ಮರ್ಜಿಯ ಚರಿತ್ರೆಯೇ ನನಗೆ ರುಚಿ. 1974ರಲ್ಲಿ ಗ್ಯಾರಿ ಗೈಗಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ಸೇರಿ ಡಂಜನ್ಸ್ ಆಂಡ್ ಡ್ರಾಗನ್ಸ್ ಎಂಬ ಆಟ ತಂದರು. ಕಂಪ್ಯೂಟರಿಲ್ಲ, ಕಾಗದ, ಪೆನ್ಸಿಲು, ದಾಳ, ಅಷ್ಟೇ. ಅದರಲ್ಲಿ ಹೊರೆಯನ್ನು ತೂಗುತ್ತಿದ್ದುದು ಚಿನ್ನದ ನಾಣ್ಯಗಳ ಲೆಕ್ಕದಲ್ಲಿ. ಕತ್ತಿ ಇಷ್ಟು ನಾಣ್ಯ ಭಾರ, ಕವಚ ಇಷ್ಟು ನಾಣ್ಯ ಭಾರ. ಹೊರೆ ಹೆಚ್ಚಿದರೆ ನಡಿಗೆ ನಿಧಾನ. ನಿಧಿ ಸಿಕ್ಕಿದವನು ನಿಧಿ ಹೊರಲಾರದೆ ಒದ್ದಾಡುವಂತೆ ಮಾಡಿದ್ದರು, ಪುಣ್ಯಾತ್ಮರು. ಬಹಳ ಜನ ಈ ನಿಯಮವನ್ನು ಮರೆತವರಂತೆ ನಟಿಸಿ ಆಡುತ್ತಿದ್ದರಂತೆ. ಕೂಡಿ ಕಳೆಯುವುದು ಯಾರಿಗೆ ಬೇಕು? ಕಂಪ್ಯೂಟರ್ ಬಂದ ಮೇಲೆ ನಟನೆಗೆ ಅವಕಾಶ ತಪ್ಪಿತು.

1996ರ ಕೊನೆಗೆ ಬಂದ ಡಯಾಬ್ಲೊ ತೂಕವನ್ನು ಬಿಟ್ಟು ಜಾಗವನ್ನು ಹಿಡಿಯಿತು. ಅಡ್ಡ 10, ಉದ್ದ 4, ಒಟ್ಟು 40 ಚೌಕ. ಮದ್ದಿನ ಶೀಸೆಗೆ ಒಂದು ಚೌಕ, ದೊಡ್ಡ ಕವಚಕ್ಕೆ ಆರು. ಒಟ್ಟಾರೆ ಆರು ಚೌಕ ಖಾಲಿ ಇದ್ದರೆ ಸಾಲದು, ಎರಡಕ್ಕೆ ಮೂರರಂತೆ ಒಂದೇ ಕಡೆ ಇರಬೇಕು. ಆಗ ಶೀಸೆಗಳನ್ನು ಆ ಕಡೆ ತಳ್ಳು, ಬಿಲ್ಲನ್ನು ಮೂಲೆಗೆ ಒತ್ತು, ಉಳಿದದ್ದರಲ್ಲಿ ಶಿರಸ್ತ್ರಾಣ ತೂರಿಸು. ನಮ್ಮಲ್ಲಿ ಕಟಿಂಗ್ ಮಾಸ್ಟರು ಥಾನು ಹಾಸಿ, ಕಾಲಿನ ತುಂಡು, ಸೊಂಟದ ಪಟ್ಟಿ, ಜೇಬಿನ ತುಂಡುಗಳನ್ನು ಒಂದರ ಸಂದಿಗೆ ಇನ್ನೊಂದನ್ನು ಕೂರಿಸಿ ಗೆರೆ ಎಳೆಯುತ್ತಾನಲ್ಲ, ಬಟ್ಟೆ ಒಂದಂಗುಲ ವ್ಯರ್ಥವಾದರೂ ಮಾಲೀಕನ ಮುಖ ನೋಡಬೇಕಾಗುತ್ತದಲ್ಲ, ಅದೇ ವಿದ್ಯೆ ಇದು. ನಮ್ಮ ಅಳಿಯ ಈ ಆಟದಲ್ಲಿ ಪಳಗಿದ್ದು ಏಕೆಂದು ನನಗೆ ಬೇಗ ತಿಳಿಯಿತು. ಮೊದಲ ಡಯಾಬ್ಲೊದಲ್ಲಿ ಹಣಕ್ಕೂ ಜಾಗ ಬೇಕಿತ್ತು: ಒಂದು ಚೌಕಕ್ಕೆ 5,000 ನಾಣ್ಯ, ಹೆಚ್ಚಾದರೆ ಇನ್ನೊಂದು ಚೌಕ. ಶ್ರೀಮಂತನಾದಷ್ಟೂ ಚೀಲ ಕಿರಿದಾಗುತ್ತಿತ್ತು. ಇದಕ್ಕಿಂತ ಚೆನ್ನಾದ ನಿಯಮವನ್ನು ನಾನು ಇನ್ನೊಂದು ಆಟದಲ್ಲಿ ನೋಡಿಲ್ಲ.

2011ರ ಸ್ಕೈರಿಮ್ ಮತ್ತೆ ತಕ್ಕಡಿ ಹಿಡಿಯಿತು. ಶುರುವಿಗೆ 300ರಷ್ಟು ತೂಕ ಹೊರಬಹುದು. ಅದರ ಮೇಲೆ ಒಂದು ಚಮಚ ಹೆಚ್ಚಾದರೂ ವೀರ ಓಡುವುದನ್ನು ಬಿಟ್ಟು ತೆವಳಿದಂತೆ ನಡೆಯುತ್ತಾನೆ. ಡ್ರಾಗನ್ನಿನ ಒಂದು ಎಲುಬು 15 ತೂಗುತ್ತದೆ. ಆದರೆ ಚಿನ್ನದ ನಾಣ್ಯಕ್ಕೆ ತೂಕವಿಲ್ಲ, ಬಾಣಕ್ಕೂ ತೂಕವಿಲ್ಲ! ಹತ್ತು ಸಾವಿರ ನಾಣ್ಯ, ಐನೂರು ಬಾಣ ಹೊತ್ತವನು ಗರಿಯಂತೆ ಓಡುತ್ತಾನೆ. ಅವನೇ ಒಂದು ಕಬ್ಬಿಣದ ಕಡಾಯಿ ಎತ್ತಿಕೊಂಡರೆ ಸೊಂಟ ಹಿಡಿಯುತ್ತದೆ. ಚೀಲ ತೆರೆದಾಗ ಇಡೀ ಜಗತ್ತು ನಿಂತುಬಿಡುವುದು ಈ ಆಟದ ಇನ್ನೊಂದು ತಮಾಷೆ. ಡ್ರಾಗನ್ ಬಾಯಿ ತೆರೆದು ಬೆಂಕಿ ಉಗುಳುವ ಹೊತ್ತಿಗೆ ಗುಂಡಿ ಒತ್ತಿ, ಬೆಂಕಿಯನ್ನು ಗಾಳಿಯಲ್ಲೇ ನಿಲ್ಲಿಸಿ, ಚಕ್ರದಷ್ಟು ದಪ್ಪದ ಚೀಸು ಇಪ್ಪತ್ತನ್ನು ತಿಂದು ಮುಗಿಸಿ, ಮೈ ಗಟ್ಟಿಮಾಡಿಕೊಂಡು ಮತ್ತೆ ಯುದ್ಧಕ್ಕಿಳಿಯಬಹುದು. ಜಗತ್ತಿನಾದ್ಯಂತ ಆಡುವವರು ಇದನ್ನು ಹೇಳಿಕೊಂಡು ನಗುತ್ತಾರೆ. ಅದೇ ವರ್ಷದ ಡಾರ್ಕ್ ಸೋಲ್ಸ್‌ನಲ್ಲಿ ಈ ಸೌಲಭ್ಯವಿಲ್ಲ: ನೀವು ಚೀಲದಲ್ಲಿ ತಡಕಾಡುತ್ತಿದ್ದರೆ ರಾಕ್ಷಸ ಕಾಯುವುದಿಲ್ಲ, ಬಂದು ಬಡಿಯುತ್ತಾನೆ. ಬಸ್ಸಿನಲ್ಲಿ ಚಿಲ್ಲರೆ ಹುಡುಕಿದವರಿಗೆ ಯಾವ ಆಟ ನಿಜವೆಂದು ನಾನು ಹೇಳಬೇಕಿಲ್ಲ.

ಇನ್ನು 'ಸಾರ್ಟ್' ಎಂಬ ಗುಂಡಿ. ಹೆಸರಿನ ಪ್ರಕಾರ, ತೂಕದ ಪ್ರಕಾರ, ಬೆಲೆಯ ಪ್ರಕಾರ, ಹೇಗೆ ಬೇಕೋ ಹಾಗೆ ಒತ್ತಿದರೆ ಸಾಮಾನೆಲ್ಲ ಸರಸರ ಜಾಗ ಬದಲಿಸುತ್ತವೆ. ನಮ್ಮ ಊರುಗಳ ಮೇಲೂ ಇಂಥ ಗುಂಡಿಯನ್ನು 1953ರ ಅಕ್ಟೋಬರ್ 1ರಂದು ಭಾಷೆಯ ಪ್ರಕಾರ ಒಮ್ಮೆ ಒತ್ತಿದರು. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು, ರಾಯದುರ್ಗ ಆಂಧ್ರದ ಖಾನೆಗೆ ಬಿದ್ದವು, ಬಳ್ಳಾರಿ ಮೈಸೂರಿನ ಖಾನೆಗೆ. ಬೆಟ್ಟ ಇದ್ದಲ್ಲೇ ಇತ್ತು, ಮನೆಯಲ್ಲಿ ಕನ್ನಡ ಆಡುವವರೂ ಇದ್ದಲ್ಲೇ ಇದ್ದರು. ಮಡಕಶಿರಾದವರನ್ನು 2022ರ ಏಪ್ರಿಲಿನಲ್ಲಿ ಇನ್ನೊಮ್ಮೆ ಒತ್ತಿ, ಅನಂತಪುರದಿಂದ ತೆಗೆದು ಶ್ರೀ ಸತ್ಯಸಾಯಿ ಜಿಲ್ಲೆಗೆ ಇಟ್ಟರು. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯೂ ಆ ಕಡೆಯೇ ಇದೆ. ಅಲ್ಲಿನ ಕಲ್ಲಿನ ನಂದಿಗಳು ಯಾವ ಜಿಲ್ಲೆಗೆ ಮುಖ ಮಾಡಬೇಕೆಂದು ಇನ್ನೂ ಕೇಳಿಲ್ಲ. ನಮ್ಮ ಅಳಿಯ ಆ ಗುಂಡಿಯನ್ನು ಮುಟ್ಟುವುದೇ ಇಲ್ಲ. "ನಾನಿಟ್ಟ ಜಾಗ ನನಗೆ ಗೊತ್ತೈತೆ ಮಾಮ, ಅದು ಒತ್ತಿದ್ರೆ ನನಗೇ ಸಿಗಂಗಿಲ್ಲ."

ಇಷ್ಟೆಲ್ಲ ಆಟಗಳನ್ನು ಅವನ ಹೆಗಲ ಮೇಲಿಂದ ನೋಡಿದ ನನಗೆ ಅನ್ನಿಸುವುದಿಷ್ಟು: ಚೀಲದಲ್ಲಿ ಏನಿದೆ ಎಂಬುದಕ್ಕಿಂತ ಅದರ ಮೇಲೆ ಹಾಕಿದ ಷರತ್ತೇ ಆಟ. ಷರತ್ತಿಲ್ಲದ ಚೀಲ ಉಗ್ರಾಣವಾಗುತ್ತದೆ. ಈ ಮಾತನ್ನು ನಮ್ಮಲ್ಲಿ ಬಹಳ ಹಿಂದೆಯೇ ಅರಿತವನು ವ್ಯಾಸ. ಸೂರ್ಯ ಧರ್ಮರಾಯನಿಗೆ ಅಕ್ಷಯಪಾತ್ರೆ ಕೊಟ್ಟ, ಸರಿ. ಎಷ್ಟು ಬಡಿಸಿದರೂ ಮುಗಿಯದ ಪಾತ್ರೆ ಕೊಟ್ಟ ಮೇಲೆ ಕತೆ ಮುಗಿಯಿತಲ್ಲ? ಮುಗಿಯಲಿಲ್ಲ, ಏಕೆಂದರೆ ದ್ರೌಪದಿ ಉಂಡಳೆಂದರೆ ಆ ದಿನಕ್ಕೆ ಅದು ಬರಿದು. ಆ ಒಂದು ಷರತ್ತು ಇದ್ದದ್ದಕ್ಕೇ ದುರ್ವಾಸ ಶಿಷ್ಯರ ಹಿಂಡು ಕಟ್ಟಿಕೊಂಡು ಹೊತ್ತು ಮೀರಿ ಬರಬಹುದಾಯಿತು, ಕೃಷ್ಣ ಪಾತ್ರೆಯ ಅಂಚಿಗೆ ಅಂಟಿದ ಚೂರನ್ನು ಹುಡುಕಬೇಕಾಯಿತು.

ಅಜ್ಞಾತವಾಸಕ್ಕೆ ಹೊರಟ ಪಾಂಡವರು ವಿರಾಟನ ಊರಿಗೆ ಕಾಲಿಡುವ ಮೊದಲು ಆಯುಧಗಳನ್ನು ಬನ್ನಿಮರದ ಮೇಲೆ ಕಟ್ಟಿಟ್ಟರು. ನಕುಲ ಹತ್ತಿ ಕಟ್ಟಿದ. ಯಾರೂ ಹತ್ತಿರ ಸುಳಿಯದಿರಲೆಂದು ಜೊತೆಗೊಂದು ಹೆಣವನ್ನೂ ತೂಗುಹಾಕಿದರು. ಅನೇಕ ಆಟಗಳಲ್ಲಿ ಈಗ ಒಂದು ಪೆಟ್ಟಿಗೆ ಇರುತ್ತದೆ, ಹೊರಲಾರದ್ದನ್ನು ಅಲ್ಲಿ ಹಾಕಿಟ್ಟು ಬೇಕಾದಾಗ ತೆಗೆಯಬಹುದು. ಆದರೆ ಅದಕ್ಕೆ ಇಷ್ಟು ಒಳ್ಳೆಯ ಬೀಗವನ್ನು ಯಾರೂ ಹಾಕಿದಂತಿಲ್ಲ. ಅರ್ಜುನನ ಬತ್ತಳಿಕೆ ಬರಿದಾಗುವುದಿಲ್ಲ, ಸ್ಕೈರಿಮ್ಮಿನ ಬಾಣಕ್ಕೆ ತೂಕವಿಲ್ಲ: ಬಿಲ್ಲುಗಾರರ ಮೇಲೆ ಎಲ್ಲ ಕಾಲದಲ್ಲೂ ಏನೋ ಪಕ್ಷಪಾತ.

ಆದರೆ ಚೀಲದ ಕಷ್ಟವನ್ನೆಲ್ಲ ಅನುಭವಿಸಿದವನು ಕರ್ಣ. ಬಯಲಾಟದಲ್ಲಿ ಭುಜಕೀರ್ತಿ ಕಟ್ಟಿಕೊಂಡು ರಂಗಕ್ಕೆ ಬರುವ ಕರ್ಣನನ್ನು ಚಿಕ್ಕಂದಿನಿಂದ ನೋಡಿದವನು ನಾನು. ಅವನ ಸಂಕಟ ಲೆಕ್ಕದ ಸಂಕಟವೂ ಹೌದೆಂದು ಹೊಳೆದದ್ದು ಈಚೆಗೆ. ಆಟಗಳಲ್ಲಿ ಕೆಲವು ವಸ್ತುಗಳನ್ನು ಬಿಸಾಡಲು ಬರುವುದಿಲ್ಲ. ಕತೆ ಮುಂದುವರಿಯಲು ಅವು ಬೇಕೆಂದು ಕಟ್ಟಿದವರು ಅಂಟಿಸಿಬಿಟ್ಟಿರುತ್ತಾರೆ. ಕವಚ ಕುಂಡಲಗಳು ಅಂಥವು, ಮೈಗೇ ಅಂಟಿ ಹುಟ್ಟಿದವು. ಕರ್ಣ ಅವನ್ನೂ ಕೊಯ್ದು ಕೊಟ್ಟ; ಯಾವ ಆಟವೂ ಒಪ್ಪದ ಕೆಲಸ. ಬದಲಿಗೆ ಇಂದ್ರನಿಂದ ಸಿಕ್ಕಿದ ಶಕ್ತ್ಯಾಯುಧ ಒಂದೇ ಸಲ ಬಳಸುವಂಥದ್ದು. ಇಲ್ಲಿ ಎಲ್ಲ ಆಟಗಾರರಿಗೂ ತಗುಲುವ ರೋಗ ಅವನಿಗೂ ತಗುಲಿತು. ಒಳ್ಳೆಯ ಮದ್ದು ಸಿಕ್ಕಿದರೆ ಈಗ ಬೇಡ, ಕೊನೆಯ ರಾಕ್ಷಸನಿಗೆ ಇರಲಿ ಎಂದು ಕಾಪಾಡುವುದು. ಕೊನೆಯ ರಾಕ್ಷಸನೂ ಸತ್ತು ಆಟ ಮುಗಿದಾಗ ನೋಡಿದರೆ ಮದ್ದಿನ ಶೀಸೆಗಳು ಒಂದೂ ಖಾಲಿಯಾಗದೆ ಚೀಲದಲ್ಲೇ ಇರುತ್ತವೆ. ನಮ್ಮ ಅಳಿಯನ ವೀರರೆಲ್ಲ ಹೀಗೆಯೇ, ಔಷಧದಂಗಡಿ ಹೊತ್ತುಕೊಂಡು ಗಾಯದಿಂದ ಸಾಯುತ್ತಾರೆ. ಅರ್ಜುನನಿಗೆಂದು ಕರ್ಣ ಕಾಪಾಡಿಕೊಂಡು ಬಂದ. ಹದಿನಾಲ್ಕನೆಯ ದಿನದ ರಾತ್ರಿ ಘಟೋತ್ಕಚ ಸೈನ್ಯವನ್ನು ಹೊಸಕುತ್ತಿದ್ದಾಗ ಕೌರವರೆಲ್ಲ ಬಾಯಿ ಬಡಿದುಕೊಂಡರು, ಅವನ ಮೇಲೆ ಎಸೆಯಬೇಕಾಯಿತು. ಕೃಷ್ಣ ಹಿಗ್ಗಿದನಂತೆ. ಹಿಗ್ಗದೆ ಏನು, ಎದುರಾಳಿಯ ಚೀಲದಲ್ಲಿ ಏನಿದೆ ಎಂಬುದನ್ನು ಆ ಕುರುಕ್ಷೇತ್ರದಲ್ಲಿ ಬಲ್ಲವನು ಅವನೊಬ್ಬನೇ.

ಕತೆ ಬಿಟ್ಟು ಚರಿತ್ರೆಗೆ ಬಂದರೂ ಇದೇ ಗೋಳು. 1791ರ ಮೇ ತಿಂಗಳಲ್ಲಿ ಇಂಗ್ಲಿಷರ ಕಾರ್ನ್‌ವಾಲಿಸ್ ಟಿಪ್ಪುವಿನ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದ. ಯುದ್ಧದಲ್ಲಿ ಸೋಲಲಿಲ್ಲ. ಆದರೆ ಮಳೆ ಹಿಡಿಯಿತು, ಮೇವಿಲ್ಲದೆ ಎತ್ತುಗಳು ಸತ್ತವು, ಕೋಟೆ ಒಡೆಯಲೆಂದು ಎಳೆದು ತಂದ ಭಾರಿ ಫಿರಂಗಿಗಳನ್ನು ಹಿಂದಕ್ಕೆ ಎಳೆಯುವವರಿಲ್ಲ. ತನ್ನ ಫಿರಂಗಿಗಳನ್ನು ತಾನೇ ಹಾಳುಮಾಡಿ ಬೆಂಗಳೂರಿನ ದಾರಿ ಹಿಡಿದ. ಮರಾಠರ ಸೈನ್ಯ ದವಸದ ಸಮೇತ ಬಂದು ಸೇರಿಕೊಂಡದ್ದು ಅದಾದ ಕೆಲವೇ ದಿನಕ್ಕೆ! 1792ರಲ್ಲಿ ಮತ್ತೆ ಬಂದಾಗ ಲಂಬಾಣಿಗಳ ಎತ್ತುಗಳು ಸಾಲುಗಟ್ಟಿ ದವಸ ಹೊತ್ತು ಜೊತೆಗಿದ್ದವು. ನಮ್ಮ ಸುತ್ತಿನ ತಾಂಡಾಗಳಲ್ಲಿರುವ ಲಂಬಾಣಿಗಳನ್ನು ಇಲ್ಲಿ ಸುಗಾಲಿಗಳೆಂದು ಕರೆಯುತ್ತಾರೆ. ಒಂದು ಕಾಲಕ್ಕೆ ದಖ್ಖನ್ನಿನ ಸೈನ್ಯಗಳೆಲ್ಲ ಉಂಡದ್ದು ಇವರ ಎತ್ತಿನ ಬೆನ್ನಿನಿಂದ. ವೀರರ ಆಟ ಮಾಡಿದವರು ಅವರ ಹಿಂದೆ ನಡೆದ ಎತ್ತುಗಳನ್ನು ಬಿಟ್ಟರು. ಸ್ಕೈರಿಮ್ಮಿನಲ್ಲಿ ಮಾತ್ರ ಲಿಡಿಯಾ ಎಂಬ ಹೆಂಗಸು ವೀರನ ಹೆಚ್ಚುವರಿ ಹೊರೆ ಹೊರುತ್ತಾಳೆ, ಹೊರುವಾಗ ದನಿಯಲ್ಲಿ ಅಸಮಾಧಾನವನ್ನೂ ತೋರಿಸುತ್ತಾಳೆ. ನನಗೆ ಆ ಆಟದಲ್ಲಿ ಮನುಷ್ಯರಂತೆ ಕಂಡವಳು ಅವಳೇ.

ಅವಳೂ ಹೊರಲಾರದಷ್ಟಾದರೆ ಉಳಿದದ್ದು ಅಂಗಡಿ. ಬಹುತೇಕ ಆಟಗಳಲ್ಲಿ ಅಂಗಡಿಯವನು ಏನು ಕೊಟ್ಟರೂ ಕೊಳ್ಳುತ್ತಾನೆ, ಅವನ ಗಲ್ಲಾಪೆಟ್ಟಿಗೆಗೆ ತಳವಿಲ್ಲ. ಸ್ಕೈರಿಮ್ಮಿನ ಕಿರಾಣಿ ವ್ಯಾಪಾರಿ ಹಾಗಲ್ಲ, ಅವನ ಹತ್ತಿರ ಇರುವುದು 750 ನಾಣ್ಯದಷ್ಟು. ಸಾವಿರದ ಕತ್ತಿ ಹಿಡಿದು ಹೋದರೂ 750 ಕೊಡುತ್ತಾನೆ. ಇನ್ನಷ್ಟು ಮಾರಬೇಕಾದರೆ ಆಟದ ಲೆಕ್ಕದಲ್ಲಿ ಎರಡು ದಿನ ಬಿಟ್ಟು ಹೋಗಬೇಕು, ಆಗ ಪೆಟ್ಟಿಗೆ ಮತ್ತೆ ತುಂಬಿರುತ್ತದೆ. ಮೊನ್ನೆ ನಮ್ಮ ಹುಡುಗ ಹನ್ನೊಂದು ಕವಚ ಮಾರಲು ಹೋಗಿ ಮೂರು ಮಾರುವಷ್ಟರಲ್ಲಿ ವ್ಯಾಪಾರಿ ಬರಿಗೈಯಾದ.

"ಉಳಿದದ್ದು ಉದ್ರಿ ಕೊಟ್ಟು ಬಾ, ಆಮೇಲೆ ವಸೂಲಿ ಮಾಡಿದ್ರಾತು" ಎಂದೆ.

"ಉದ್ರಿ ಇಲ್ಲ ಮಾಮ ಇದ್ರಾಗ."

"ಹೋಗ್ಲಿ, ವಾರ ವಾರ ಇಷ್ಟಿಷ್ಟು ಅಂತ?"

ಅವನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: "ಬಾಕಿ ಇಟ್ಕಂಡು ವಾರ ವಾರ ಕೊಡಂಗಿದ್ರೆ ಇದನ್ಯಾಕ ಆಡ್ಲಿ, ನೈಟ್ ಶಿಫ್ಟಿಗೆ ಹೋಗ್ತಿದ್ದೆ."