ಕಣದಾಚೆಯ ಕೋಣೆ, ಅಮ್ಮನ ಅಗ್ಗಿಷ್ಟಿಕೆ

ಮಲೆನಾಡಿನಲ್ಲಿ ರೂಮ್ ಹೀಟರಾ ಅಂತ ಬೆಂಗಳೂರಿನ ಸ್ನೇಹಿತರು ನಗ್ತಾರೆ. ಅವರೆಲ್ಲ ನಮ್ಮೂರಿಗೆ ಬರೋದು ಮಳೆ ನೋಡೋಕೆ. ಡಿಸೆಂಬರ್‌ನಲ್ಲಿ ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿ, ಅದೂ ಹೆಂಚಿನ ಸ್ಟೋರ್ ರೂಮಿನಲ್ಲಿ, ರಾತ್ರಿ ಹತ್ತೂವರೆಗೆ ಅಮೆರಿಕದವರ ಜೊತೆ ಕಾಲ್‌ನಲ್ಲಿ ಕೂತು ನೋಡಲಿ. ಬೆರಳು ಮರಗಟ್ಟಿ ಪಾಸ್‌ವರ್ಡ್ ಎರಡೆರಡು ಸಲ ತಪ್ಪುತ್ತೆ.

ಅಪ್ಪನಿಗೆ ಸ್ಟೆಂಟ್ ಹಾಕಿದ ಮೇಲೆ ನಾನು ಊರಿಗೆ ಬಂದೆ. ಆಫೀಸಿನವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಸಂಜೆ 7ರಿಂದ 12ರವರೆಗಿನ ಮೀಟಿಂಗ್ ಒಂದೂ ತಪ್ಪಬಾರದು. ಅಪ್ಪ ಎಂಟೂವರೆಗೆ ಮಲಗ್ತಾರೆ. ನಮ್ಮದು ಹಳೇ ಮನೆ, ಒಂದು ಕೋಣೆಯಲ್ಲಿ ಕೆಮ್ಮಿದರೆ ನಾಲ್ಕು ಕೋಣೆಗೆ ಕೇಳುತ್ತೆ. ಹಾಗಾಗಿ ಕಣದ ಆಚೆ ಕಾಫಿ ಮೂಟೆ, ಮೆಣಸು ಇಡ್ತಿದ್ದ 12 ಅಡಿ ಅಗಲ, 14 ಅಡಿ ಉದ್ದದ ಕೋಣೆ ನನ್ನ ಆಫೀಸಾಯ್ತು. ಅಲ್ಲಿ ಕೂರೋಕಾಗದಿದ್ದರೆ ಬೆಂಗಳೂರಿಗೆ ವಾಪಸ್, ಶನಿವಾರ ಭಾನುವಾರ ಮಾತ್ರ ಅಪ್ಪನ ಮುಖ. ನನಗೆ ಚಳಿಗಿಂತ ಆ ಯೋಚನೆಯೇ ಜಾಸ್ತಿ ಕೊರೀತಿತ್ತು.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ. 2000 ವಾಟ್‌ನ ಫ್ಯಾನ್ ಹೀಟರ್ ತರಿಸಿದೆ. ಗಂಟೆಗೆ 2 ಯೂನಿಟ್, ದಿನಕ್ಕೆ 5 ಗಂಟೆ, ತಿಂಗಳಿಗೆ 22 ದಿನ, ಅಂದ್ರೆ 220 ಯೂನಿಟ್. ಮನೆಯ ಬಳಕೆ 90. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಹೆಚ್ಚಾದದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 1,800 ದಾಟುತ್ತೆ. ಸೊನ್ನೆ ಇದ್ದ ಜಾಗದಲ್ಲಿ!

ಇನ್ನೊಂದು ತಮಾಷೆ ಇದೆ. ರಾತ್ರಿ ನಮ್ಮಲ್ಲಿ ವೋಲ್ಟೇಜ್ 180ಕ್ಕೆ ಇಳಿಯುತ್ತೆ. ಕಾಯಿಲ್ ಹೀಟರ್ ಕೊಡುವ ಶಾಖ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತೆ, ಹಾಗಾಗಿ ನನ್ನ 2000 ವಾಟ್ ಆಗ ಬರೀ 1200 ಚಿಲ್ಲರೆ. ಮೂರನೇ ದಿನ ಎಕ್ಸ್‌ಟೆನ್ಶನ್ ಬಾಕ್ಸ್ ಸುಟ್ಟ ವಾಸನೆ. ಹೀಟರ್‌ಗೆ 16 ಆಂಪಿಯರ್ ಪಾಯಿಂಟ್, ದಪ್ಪ ವೈರ್, ಸರಿಯಾದ ಅರ್ತಿಂಗ್ ಬೇಕು ಅನ್ನೋದು ಇಂಜಿನಿಯರಿಂಗ್ ಓದಿದ ನನಗೆ ಗೊತ್ತಿರಲಿಲ್ಲ ಅಂತಲ್ಲ. ಸೋಮಾರಿತನ, ಅಷ್ಟೇ.

ಆಯಿಲ್ ಹೀಟರ್ ತಗೋ, ಕರೆಂಟ್ ಉಳಿಯುತ್ತೆ ಅಂದವರೂ ಇದ್ದಾರೆ. ಉಳಿಯಲ್ಲ. ಕಾಯಿಲ್ ಇರಲಿ, ಎಣ್ಣೆ ಇರಲಿ, ಒಂದು ಯೂನಿಟ್ ಕರೆಂಟಿಗೆ ಸಿಗೋದು ಒಂದೇ ಯೂನಿಟ್ ಶಾಖ. ಬಿಸಿ-ತಣ್ಣ ಎರಡೂ ಕೊಡುವ ಇನ್ವರ್ಟರ್ ಎಸಿ ಮಾತ್ರ ಹೊರಗಿನ ಗಾಳಿಯಿಂದ ಶಾಖ ಎಳೆದು ಒಂದಕ್ಕೆ ಮೂರರಷ್ಟು ಕೊಡಬಹುದು. ಅದರ ಬೆಲೆ ನೋಡಿ ಟ್ಯಾಬ್ ಮುಚ್ಚಿದೆ.

ಅಪ್ಪ ಒಂದಿನ ಬಾಗಿಲಲ್ಲಿ ನಿಂತು ಹೇಳಿದರು, "ಅಲ್ಲ ಮಾರಾಯ್ತಿ, ಐವತ್ತು ಕೋಳಿಮರಿಗೆ ಒಂದು ಬಲ್ಬು ಸಾಕಾಗುತ್ತೆ. ನಿನ್ನೊಬ್ಬಳಿಗೆ ಎರಡು ಸಾವಿರ ವಾಟಾ?"

ಕೋಳಿಮರಿಗಳು ಮುಚ್ಚಿದ ಪೆಟ್ಟಿಗೆಯಲ್ಲಿರ್ತವೆ ಅಪ್ಪಾ ಅಂದೆ. ಅಂದ ಮೇಲೆ ನನಗೇ ಹೊಳೀತು. ತಲೆ ಎತ್ತಿ ನೋಡಿದರೆ ಬರೀ ಹೆಂಚು, ಸಂದಿಯಲ್ಲಿ ನಕ್ಷತ್ರ ಕಾಣುತ್ತೆ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತೆ, ಅಲ್ಲಿಂದ ಆಚೆಗೆ. ನಾನು ದುಡ್ಡು ಕೊಟ್ಟು ಕಾಯಿಸ್ತಿದ್ದದ್ದು ತೋಟವನ್ನ.

ಶನಿವಾರ ಕೂತು ಎಲ್ಲ ಬಂದ್ ಮಾಡಿದೆ. ಹೆಂಚಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಶೀಟ್, ಕಿಟಕಿ ಬಾಗಿಲ ಅಂಚಿಗೆಲ್ಲ ಫೋಮ್ ಪಟ್ಟಿ, ಹೊಸ್ತಿಲ ಸಂದಿಗೆ ಹಳೇ ಕಂಬಳಿ. ಹೀಟರ್ ಇಲ್ಲದೆಯೇ ಒಳಗೆ 16 ಡಿಗ್ರಿ, ಹೊರಗೆ 13. ಬಹಳ ಹೆಮ್ಮೆಯಾಯ್ತು.

ಅದಾಗಿ ಐದನೇ ದಿನ, ಗುರುವಾರ. ರಾತ್ರಿ ಒಂಬತ್ತಕ್ಕೆ ಅಮ್ಮ ಅಗ್ಗಿಷ್ಟಿಕೆ ತಂದಳು. ಬಚ್ಚಲ ಒಲೆಯಿಂದ ತೆಗೆದ ಕಾಫಿ ಕಟ್ಟಿಗೆಯ ಕೆಂಡ, ಕೆಂಪಗೆ, ಹೊಗೆ ಒಂದು ಎಳೆಯೂ ಇಲ್ಲ. ಮೇಜಿನ ಕೆಳಗೆ ಕಾಲಿನ ಹತ್ತಿರ ಇಟ್ಟು, ಚಳಿ ಬರಬಾರದು ಅಂತ ಬಾಗಿಲು ಗಟ್ಟಿಯಾಗಿ ಎಳೆದುಕೊಂಡು ಹೋದಳು. ನಾನು ಕಾಲ್‌ನಲ್ಲಿದ್ದೆ, ಕೈ ಬೀಸಿದೆ. ಎಂಥಾ ಸುಖ ಅಂತೀರಿ.

ಮುಕ್ಕಾಲು ಗಂಟೆ ಕಳೆದಿರಬೇಕು, ಹಣೆ ಭಾರ ಅನ್ನಿಸ್ತು. ಕನ್ನಡಕದ ನಂಬರ್ ಬದಲಾಗಿದೆ ಅಂದುಕೊಂಡೆ. ಲಾಗ್‌ನ ಒಂದೇ ಸಾಲನ್ನ ಮೂರು ಸಲ ಓದಿದೆ, ತಲೆಗೆ ಹೋಗಲಿಲ್ಲ. ಯಾರೋ ನನ್ನ ಹೆಸರು ಕರೀತಿದ್ದಾರೆ, ಉತ್ತರ ಕೊಡಬೇಕು ಅನ್ನೋದು ಗೊತ್ತಾಗ್ತಿದೆ, ಬಾಯಿ ಬರ್ತಿಲ್ಲ. ಹೊಟ್ಟೆ ತೊಳಸಿತು. ವಾಂತಿ ಬರುತ್ತೆ ಅಂತ ಎದ್ದರೆ ಮಂಡಿಯಲ್ಲಿ ಬಲವಿಲ್ಲ. ಮೇಜು ಹಿಡಿದು, ಗೋಡೆ ಹಿಡಿದು, ಅಗುಳಿ ತೆಗೆದು ಕಣದಲ್ಲಿ ಬಿದ್ದೆ. ಒಳಗೆ ಲ್ಯಾಪ್‌ಟಾಪ್ "ಹಲೋ? ಹಲೋ?" ಅಂತಿತ್ತು. ವಾಂತಿ ಬಾರದೆ ಹೋಗಿದ್ದರೆ ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಡ್ತಿದ್ದೆ. ನಿದ್ದೆ ಅಷ್ಟು ಎಳೀತಿತ್ತು.

ಪಕ್ಕದ ತೋಟದವರ ಜೀಪಿನಲ್ಲಿ ಆಸ್ಪತ್ರೆಗೆ ಹೋದ್ವಿ. ಡ್ಯೂಟಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ರೂಮಲ್ಲಿ ಕೆಂಡ ಇತ್ತಾ?" ಬೆಳಗಿನವರೆಗೆ ಆಕ್ಸಿಜನ್ ಕೊಟ್ಟರು.

ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನ ಹಿಡಿದುಕೊಳ್ಳುತ್ತೆ. ಹೊಗೆ ಇದ್ದರೆ ಕಣ್ಣು ಉರಿದು ನಾವೇ ಎದ್ದು ಹೋಗ್ತೀವಿ. ಹೊಗೆ ಆರಿದ ಕೆಂಡ ನೋಡೋಕೆ ಪಾಪದ್ದು, ಅದೇ ಮೋಸ. ಕಿಟಕಿ ಸ್ವಲ್ಪ ತೆಗೆದಿಟ್ಟರೆ ಸಾಕು ಅಂತ ದಯವಿಟ್ಟು ಹೋಗಬೇಡಿ. ಮಲಗುವ ಕೋಣೆಗೆ, ಕೆಲಸದ ಕೋಣೆಗೆ ಕೆಂಡ ಬೇಡವೇ ಬೇಡ. ತಲೆನೋವು, ವಾಕರಿಕೆ, ಮಂಪರು ಶುರುವಾದರೆ ಕಾರಣ ಹುಡುಕ್ತಾ ಕೂರಬೇಡಿ, ಮೊದಲು ಆಚೆ ಬನ್ನಿ, ಆಮೇಲೆ ಆಸ್ಪತ್ರೆ.

ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಬಾಣಂತಿ ಕೋಣೆಗೂ ಇದನ್ನೇ ಇಡ್ತಿದ್ದದ್ದು ಕಣೇ. ನೀನು ಹುಟ್ಟಿದಾಗ ಅತ್ತೆ ಇಟ್ಟಿದ್ದೂ ಇದೇ ಅಗ್ಗಿಷ್ಟಿಕೆ" ಅಂತ ಮತ್ತೆ ಮತ್ತೆ ಹೇಳಿದಳು. ಅವಳ ಮಾತು ಸುಳ್ಳಲ್ಲ. ಆ ಕೋಣೆಯ ಬಾಗಿಲು ನೆಟ್ಟಗೆ ಮುಚ್ಚುತ್ತಿರಲಿಲ್ಲ, ಜನ ಒಳಗೆ ಹೊರಗೆ ಓಡಾಡ್ತಾನೇ ಇರ್ತಿದ್ದರು. ಹಾಗಂತ ಅದೂ ಕ್ಷೇಮ ಅಂತ ನಾನು ಹೇಳಲ್ಲ, ನಮ್ಮ ಅದೃಷ್ಟ ಅಷ್ಟೇ. ಆದರೆ ಈ ಕೋಣೆಗೆ ಫೋಮ್ ಅಂಟಿಸಿ, ಗಾಳಿ ಹೋಗೋ ಸಂದಿಯನ್ನೆಲ್ಲ ಮುಚ್ಚಿದ್ದು ನಾನು. ಅದನ್ನ ಅಮ್ಮನಿಗೆ ಹೇಳಿರಲೂ ಇಲ್ಲ. ಅವಳು ಯಾಕೆ ಊಟ ಬಿಡಬೇಕು?

ಆಮೇಲೆ ಪ್ಲಾಸ್ಟಿಕ್ ಕಿತ್ತು ಹಾಕಿದೆವು. ದೊಡ್ಡ ಮನೆ ಯಾಕೆ ಬೆಚ್ಚಗಿರುತ್ತೆ ಅಂತ ಅಪ್ಪ ತೋರಿಸಿದರು: ಹೆಂಚಿನ ಕೆಳಗೆ ಹಲಗೆಯ ಮುಚ್ಚಿಗೆ ಇದೆ. ಮೂಟೆ ಇಡೋ ಕೋಣೆಗೆ ಅದು ಬೇಕಿರಲಿಲ್ಲ, ಹಾಕಿರಲಿಲ್ಲ. ಮಳೆಗಾಲದಲ್ಲಿ ತೋಟದಲ್ಲಿ ಬಿದ್ದಿದ್ದ ಸಿಲ್ವರ್ ಓಕ್ ಮರ ಕೊಯ್ಯಿಸಿ ಎಂಟು ಅಡಿ ಎತ್ತರಕ್ಕೆ ಹಲಗೆ ಹೊಡೆಸಿದೆವು. ಕೊಯ್ಯೋದಕ್ಕೂ ಬಡಗಿಯ ಕೂಲಿಗೂ ಸೇರಿ 14,000 ಆಯ್ತು. ಮೇಲೆ ಖಾಲಿ ಗೋಣಿಚೀಲ ಹಾಸಿದ್ದೀವಿ, ವೈರಿಂಗ್ ಅದರ ಹತ್ತಿರ ಹೋಗದಂತೆ ಗೋಡೆಯಲ್ಲೇ ಇಳಿಸಿದ್ದೀವಿ. ಇಲಿ ಸೇರುತ್ತೆ ಅಂತ ಅಪ್ಪನ ತಕರಾರು ಇನ್ನೂ ಇದೆ. ಗೋಡೆಯ ಮೇಲ್ಭಾಗದಲ್ಲಿ ಒಂದು ಗಾಳಿಗಿಂಡಿ ಬೇಕಂತಲೇ ಬಿಟ್ಟಿದ್ದೇವೆ.

ಈಗ 400 ವಾಟ್‌ನ ಹ್ಯಾಲೊಜೆನ್ ಹೀಟರ್ ಸಾಕು. ಗಾಳಿಯನ್ನ ಕಾಯಿಸೋದಕ್ಕಿಂತ ನೇರ ಮೈಗೇ ಶಾಖ ಬೀಳುತ್ತೆ. ಅರ್ಧ ಹೊತ್ತು ಅದೂ ಬೇಡ. ಬೆನ್ನುನೋವಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಸಿಗುವ 60 ವಾಟ್‌ನ ಹೀಟಿಂಗ್ ಪ್ಯಾಡ್ ಮೇಲೆ ಕಾಲಿಟ್ಟು, ಮೊಣಕಾಲ ಮೇಲೆ ಕಂಬಳಿ ಹೊದ್ದರೆ ಐದು ಗಂಟೆಗೆ ಅರ್ಧ ಯೂನಿಟ್ಟೂ ಆಗಲ್ಲ. ನೆಲಕ್ಕೆ ಚಾಪೆ, ಅದರ ಮೇಲೆ ಜಮಖಾನ. ಹೊರಗೆ 13 ಇದ್ದಾಗ ಒಳಗೆ 18 ಇರುತ್ತೆ. ಮನೆ ಬಿಲ್ 200ರ ಒಳಗೇ ಇದೆ. ಕೆಂಡ ಒಳಗೆ ಬರದಿದ್ದರೂ ಗೋಡೆಗೊಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿದೆ, ನನ್ನ ಸಮಾಧಾನಕ್ಕೆ.

ಅಗ್ಗಿಷ್ಟಿಕೆ ಈಗ ತೆರೆದ ಜಗುಲಿಯಲ್ಲಿದೆ, ಬೆಳಿಗ್ಗೆ ಅಪ್ಪ ಕೈ ಕಾಯಿಸ್ಕೊಳ್ತಾರೆ. ರಾತ್ರಿ ಒಂಬತ್ತಕ್ಕೆ ಅಮ್ಮ ಟಾರ್ಚ್ ಹಿಡಿದು ಕಣ ದಾಟಿ ಬರ್ತಾಳೆ. ಕೈಯಲ್ಲಿ ಹಂಡೆಯ ಬಿಸಿನೀರು ತುಂಬಿದ ರಬ್ಬರ್ ಚೀಲ. ಕೊಟ್ಟು ಸುಮ್ಮನೆ ಹೋಗಲ್ಲ. ಬಾಗಿಲು ಪೂರಾ ತೆಗೆದು ನಿಂತು, ಮೂಗು ಎತ್ತಿ ಒಂದು ಸಲ ವಾಸನೆ ನೋಡ್ತಾಳೆ. ಆ ಅನಿಲಕ್ಕೆ ವಾಸನೆ ಇಲ್ಲಮ್ಮಾ ಅಂತ ಎಷ್ಟು ಸಲ ಹೇಳಿದ್ದೀನೋ. ಈಗ ಮ್ಯೂಟ್ ಮಾಡಿ ಸುಮ್ಮನೆ ಕೂರ್ತೀನಿ. ಬಾಗಿಲು ತೆಗೆದದ್ದಕ್ಕೆ ಒಂದು ಡಿಗ್ರಿ ಇಳಿಯುತ್ತೆ. ಇಳೀಲಿ.